ಪತ್ರಾ ಶೆಡ್ಡಿಗೆ ಮಣ್ಣಿನ ಗೋಡೆ ಬರಲಿ

ಮಾನ್ಯ ಸಂಪಾದಕರೇ,

ನಾನು ವಿಜಯಪುರ ಜಿಲ್ಲೆಯ ಗೌಂಡಿ. ಪುಣೆಯ ವಾಘೋಲಿ ಕಡೆ ಕೆಲಸ. ನಮ್ಮ ಲೇಬರ್ ಕ್ಯಾಂಪಿನಲ್ಲಿ ಯಾದಗಿರಿ, ಕಲಬುರಗಿ ಮಂದಿಯೇ ಜಾಸ್ತಿ. ಎಲ್ಲರದೂ ಪತ್ರಾ ಶೆಡ್.

ಜನವರಿಯಲ್ಲಿ ಇಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ಮೋಡವಿಲ್ಲದ ರಾತ್ರಿ ತಗಡು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಮಲಗಿದವರ ಉಸಿರಿನ ತೇವ ಅದಕ್ಕೆ ತಾಗಿ, ನಸುಕಿನಲ್ಲಿ ಹಾಸಿಗೆ ಮೇಲೆ ಹನಿ ಬೀಳುತ್ತದೆ. ಬಾಗಿಲು ಮುಚ್ಚಿ ಒಳಗೆ ಕೆಂಡ ಇಟ್ಟುಕೊಳ್ಳುವವರೂ ಇದ್ದಾರೆ. ಅದರ ವಿಷಗಾಳಿಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಬೆಚ್ಚಗಿನ ಗೋಡೆಗೆ ಬೇಕಾದ್ದು ಸೈಟಿನಲ್ಲೇ ಬಿದ್ದಿದೆ. ಪಾಯ ತೋಡಿದ ಮಣ್ಣನ್ನು ಡಂಪರಿಗೆ ಬಾಡಿಗೆ ಕೊಟ್ಟು ಹೊರಗೆ ಸಾಗಿಸುತ್ತಾರೆ. ಖಾಲಿ ಸಿಮೆಂಟ್ ಚೀಲ ಗುಜರಿಗೆ ಹೋಗುತ್ತವೆ. ಆ ಚೀಲಕ್ಕೆ ಗರಸು ಮಣ್ಣು ತುಂಬಿ, ಬಾಯಿ ಹೊಲಿದು, ತಗಡಿಗೆ ಹೊರಗಿನಿಂದ ಒತ್ತಿ ಇಟ್ಟಿಗೆಯಂತೆ ಸಂದು ತಪ್ಪಿಸಿ ಪೇರಿಸಬೇಕು. ಪ್ರತಿ ವರಸೆಗೂ ದಿಮ್ಮಸು ಬೀಳಬೇಕು. ವರಸೆಗಳ ನಡುವೆ ಮುಳ್ಳುತಂತಿ ಹಾಸಿದರೆ ಜಾರುವುದಿಲ್ಲ. ಎದೆಮಟ್ಟ ಸಾಕು. ತಳದ ಚೀಲಕ್ಕೆ ಖಡಿ ತುಂಬಿದರೆ ತೇವ ಮೇಲೇರುವುದಿಲ್ಲ. ಬರೀ ಎರೆಮಣ್ಣು ಬೇಡ, ಒಣಗಿದರೆ ಬಿರಿಯುತ್ತದೆ. ಬಿಸಿಲಿಗೆ ಚೀಲ ಪುಡಿಯಾಗುತ್ತದೆ, ಅದಕ್ಕೇ ಮೇಲೆ ಮಣ್ಣು, ಸಗಣಿ, ಹೊಟ್ಟು ಕಲಸಿ ಮೆತ್ತಬೇಕು. ಗಾಳಿ ನಿಲ್ಲುತ್ತದೆ, ಹಗಲು ಹೀರಿದ ಬಿಸಿಯನ್ನು ಗೋಡೆ ರಾತ್ರಿ ನಿಧಾನವಾಗಿ ಬಿಡುತ್ತದೆ. ಊರಲ್ಲಿ ನಮ್ಮ ಮಣ್ಣಿನ ಮನೆಗಳು ಬೆಚ್ಚಗಿರುವುದೂ ಹೀಗೇ ಅಲ್ವಾ?

ಆದರೆ ಊರಿನ ಹಾಗೆ ಮಾಳಿಗೆ ಮೇಲೆ ಮಣ್ಣು ಹೇರಬೇಡಿ. 1993ರ ಕಿಲ್ಲಾರಿ ಭೂಕಂಪದಲ್ಲಿ ಆ ಭಾರವೇ ಮಲಗಿದ್ದವರ ಮೇಲೆ ಬಿತ್ತು. ತಗಡಿನ ಕೆಳಗೆ ಬಿದಿರಿನ ತಟ್ಟಿ ಕಟ್ಟಿ, ಅದರ ಮೇಲೆ ಗೇಣು ದಪ್ಪ ಕಬ್ಬಿನ ರವದಿ (ಒಣ ಸೋಗೆ) ಹಾಸಿದರೆ ಸಾಕು. ಹೊಲದಲ್ಲಿ ಸುಮ್ನೆ ಸುಡುವ ರವದಿ ಅದು. ತಟ್ಟಿಗೆ ಕೆಳಗಿನಿಂದ ಮಣ್ಣು ಮೆತ್ತಿದರೆ ಬೆಂಕಿ ಭಯ ಕಡಿಮೆ. ಒಲೆ ಮಾತ್ರ ಹೊರಗೇ ಇರಲಿ.

ಕಿತ್ತೊಗೆಯುವ ಶೆಡ್ಡಿಗೆ ಇಷ್ಟೆಲ್ಲಾ ಯಾಕೆ ಅಂತಾರೆ ಬಿಲ್ಡರುಗಳು. ಕೀಳುವಾಗ ಚೀಲ ಹರಿದು ಮಣ್ಣನ್ನು ಪಾಯದ ಸುತ್ತಲೇ ತುಂಬಬಹುದು. ಕೆಲಸ ನಡೆಯುವಷ್ಟು ದಿನ ಕೂಲಿಗಳಿಗೆ ಪುಕ್ಕಟೆ ವಸತಿ ಕೊಡಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಕೊಡುವುದನ್ನು ಬೆಚ್ಚಗೆ ಕೊಡಲಿ.

ಪುಣೆಯ ಕನ್ನಡ ಸಂಘದವರಲ್ಲೂ ಒಂದು ವಿನಂತಿ. ಚಳಿಗಾಲಕ್ಕೆ ಕಂಬಳಿ ಹಂಚುವ ದುಡ್ಡಿನಲ್ಲಿ ಸ್ವಲ್ಪ ಬಿದಿರಿಗೂ ತಂತಿಗೂ ಇಡಿ. ಗೋಡೆ ಕಟ್ಟಲು ಯಾರೂ ಬೇಡ, ರಜೆಯ ದಿನ ನಾವೇ ಕಟ್ಟಿಕೊಳ್ಳುತ್ತೇವೆ.

– ಒಬ್ಬ ಗೌಂಡಿ, ವಾಘೋಲಿ, ಪುಣೆ