ರಾಟೆ ಬದಲಿಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹಾಯಿದೋಣಿಗೆ ರಾಟೆ ಆರಿಸುವಾಗ ಹಗ್ಗದ ದಪ್ಪವನ್ನಷ್ಟೇ ನೋಡಬೇಡಿ, ಹಗ್ಗ ಎಷ್ಟು ತಿರುಗುತ್ತದೆ ಅನ್ನುವುದನ್ನೂ ನೋಡಿ. 90 ಡಿಗ್ರಿ ತಿರುಗಿದರೆ ರಾಟೆಯ ಮೇಲೆ ಎಳೆತದ ಸುಮಾರು 1.4 ಪಟ್ಟು ಭಾರ ಬೀಳುತ್ತದೆ. ಪೂರ್ತಿ ಹಿಂದಕ್ಕೆ ತಿರುಗಿದರೆ ಎರಡು ಪಟ್ಟು: 200 ಕಿಲೋ ಎಳೆತಕ್ಕೆ 400 ಕಿಲೋ! ರಾಟೆಯಷ್ಟೇ ಅಲ್ಲ, ಅದನ್ನು ಹಿಡಿದ ಕೊಂಡಿ, ಬೋಲ್ಟುಗಳೂ ಈ ಭಾರವನ್ನು ತಾಳಬೇಕು.

ದೊಡ್ಡ ಹಾಯಿಯನ್ನು ಹತೋಟಿಯಲ್ಲಿಡಲು ಪದೇ ಪದೇ ಎಳೆದು ಬಿಡುವ ಹಗ್ಗವಾದ ಮೇನ್‌ಶೀಟ್‌ಗೆ ಬಾಲ್ ಬೇರಿಂಗ್ (ಚಕ್ರದೊಳಗೆ ಸಣ್ಣ ಗುಂಡುಗಳಿರುವ) ರಾಟೆ ಒಳ್ಳೆಯದು. ಹಾಯಿಯನ್ನು ಒಮ್ಮೆ ಏರಿಸಿ ಬಿಗಿದುಬಿಡುವ ಹಗ್ಗವಾದ ಹ್ಯಾಲ್ಯಾರ್ಡ್‌ಗೆ ಗುಂಡುಗಳಿಲ್ಲದ ಸಾದಾ ಬೇರಿಂಗೇ ಸರಿ, ನಿಂತ ಭಾರವನ್ನು ಅದು ಚೆನ್ನಾಗಿ ಹೊರುತ್ತದೆ. ಅಲ್ಲಿ ದುಬಾರಿ ರಾಟೆ ಬರೀ ಶೋಕಿ.

ಉಪ್ಪುನೀರಿನಿಂದ ಬಂದಮೇಲೆ ಚಕ್ರ ತಿರುಗಿಸುತ್ತಾ ಸಿಹಿನೀರಲ್ಲಿ ತೊಳೆಯಿರಿ. ಬಾಲ್ ಬೇರಿಂಗಿಗೆ ಗ್ರೀಸ್ ಹಚ್ಚಬೇಡಿ, ಮರಳು ಮೆತ್ತಿಕೊಳ್ಳುತ್ತದೆ. ಚಕ್ರ ವಾಲಾಡಿದರೆ, ಪಕ್ಕದ ತಟ್ಟೆಯಲ್ಲಿ ಬಿರುಕು ಕಂಡರೆ ಆ ರಾಟೆ ಬದಲಿಸಿಬಿಡಿ.