ಯಂತ್ರ ಓಡುವ ಆ 15 ನಿಮಿಷ: ಫಿಸಿಯೋಥೆರಪಿಸ್ಟ್ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಕಾಗದ ಎರಡು ಸಲ ಓದಿದೆ. ದಾವಣಗೆರೆಯಲ್ಲಿ ಸ್ವಂತ ಕ್ಲಿನಿಕ್ ಶುರುವಾಗಿ ಎರಡು ವರ್ಷವಾಯಿತು, ಬೆಳಿಗ್ಗೆ ಎಂಟೂವರೆಗೆ ಷಟರ್ ಎತ್ತಿದರೆ ರಾತ್ರಿ ಒಂಬತ್ತೂವರೆಗೆ ಇಳಿಸುತ್ತೇನೆ, ದಿನಕ್ಕೆ ಹನ್ನೆರಡು ಜನ ಬರುತ್ತಾರೆ, ಆದರೂ ಮೂರು ದಿನದ ಕೇಸ್‌ಶೀಟ್ ಬರೆಯದೆ ಬಿದ್ದಿದೆ, ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿಲ್ಲ ಅಂತ ಬರೆದಿದ್ದೀಯ. ಧ್ಯಾನ ಕಲಿಯಲೇ ಎಂದೂ ಕೇಳಿದ್ದೀಯ. ಕಲಿ, ಒಳ್ಳೆಯದೇ. ಆದರೆ ನೀನು ಬರೆದ ದಿನಚರಿ ನೋಡಿದರೆ ಮೊದಲು ಸರಿಹೋಗಬೇಕಾದದ್ದು ನಿನ್ನ ಅಪಾಯಿಂಟ್‌ಮೆಂಟ್ ಪುಸ್ತಕ.

ಆಸ್ಪತ್ರೆಯ ಕೆಲಸದಲ್ಲಿದ್ದಾಗ ಫೋನ್ ಎತ್ತುವವರು, ಬಿಲ್ ಬರೆಯುವವರು, ಹಾಸಿಗೆ ಒರೆಸುವ ಆಯಾ ಎಲ್ಲ ಬೇರೆ ಬೇರೆ ಇದ್ದರು. ನಿನ್ನ ಪಾಲಿಗೆ ರೋಗಿ ಮಾತ್ರ. ಈಗ ಆ ಎಲ್ಲರೂ ನೀನೇ, ಅದೂ ಒಂದೇ ಗಂಟೆಯೊಳಗೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದರ ಬಗ್ಗೆಯೇ ಬರೆದಿದ್ದಾರೆ: ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದರೆ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ. ಭುಜದ ಕೀಲಿನ ಮೇಲೆ ನಿನ್ನ ಕೈ ಇದ್ದಾಗ ತಲೆಯಲ್ಲಿ ಬಾಡಿಗೆಯ ಮೆಸೇಜ್ ಓಡುತ್ತಿದ್ದರೆ ಕೀಲು ಎಲ್ಲಿ ಬಿಗಿ ಎಂಬುದು ಬೆರಳಿಗೆ ತಿಳಿಯುವುದಿಲ್ಲ. ನಮ್ಮ ಕಸುಬಿನಲ್ಲಿ ಗಮನ ತಪ್ಪಿದರೆ ನಷ್ಟ ರೋಗಿಗೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಯಂತ್ರ ಓಡುವ 15 ನಿಮಿಷದ ಮಾತು. ನಿನ್ನ ದಿನ ಸೋರುತ್ತಿರುವುದು ಅಲ್ಲೇ. ಐಎಫ್‌ಟಿ (ನೋವು ತಗ್ಗಿಸಲು ಸಣ್ಣ ಕರೆಂಟ್ ಕೊಡುವ ಯಂತ್ರ) ಪ್ಯಾಡ್ ಕಟ್ಟಿ, ಟೈಮರ್ 15ಕ್ಕೆ ಇಟ್ಟು, ಪರದೆ ಎಳೆದ ಕೂಡಲೇ ಕೈ ಜೇಬಿಗೆ ಹೋಗುತ್ತದೆ, ಫೋನ್ ಹೊರಬರುತ್ತದೆ. ಹತ್ತು ರೋಗಿಗೆ ಹದಿನೈದರಂತೆ ಲೆಕ್ಕ ಹಾಕು, ಎರಡೂವರೆ ಗಂಟೆ. ಅಷ್ಟೂ ಹೊತ್ತು ಕೆಲಸವೂ ಆಗುವುದಿಲ್ಲ, ವಿಶ್ರಾಂತಿಯೂ ಸಿಗುವುದಿಲ್ಲ. ಆಮೇಲೆ ರಾತ್ರಿ ಊಟ ಬಿಟ್ಟು ಕೇಸ್‌ಶೀಟ್ ಬರೆಯಲು ಕೂತರೆ ಬೆಳಗಿನ ರೋಗಿಯ ನೋವು ಬಲಕ್ಕೋ ಎಡಕ್ಕೋ ಎಂದೇ ನೆನಪಿರುವುದಿಲ್ಲ.

ಆ 15 ನಿಮಿಷದಲ್ಲಿ ಮಾಡಬೇಕಾದ್ದು ಮೂರೇ ಕೆಲಸ. ಐದನೇ ನಿಮಿಷಕ್ಕೆ ಪರದೆ ಸರಿಸಿ ಚರ್ಮ ನೋಡು. ಹಾಟ್ ಪ್ಯಾಕ್ ಇಟ್ಟಿದ್ದರೆ ಇದನ್ನು ತಪ್ಪಿಸಲೇಬೇಡ. ಶಾಖ ಟವೆಲ್ ದಾಟಿ ಚರ್ಮಕ್ಕೆ ಇಳಿಯಲು ಕೆಲವು ನಿಮಿಷ ಬೇಕು. ಇಟ್ಟ ಗಳಿಗೆಯಲ್ಲಿ "ಹಿತವಾಗಿದೆ" ಅಂದವರಿಗೆ ಏಳನೇ ನಿಮಿಷಕ್ಕೆ ಸುಡಬಹುದು. ಪ್ಯಾಕ್ ಕಾಯಿಸುವ ಡಬ್ಬಿಯ ನೀರು 70ರಿಂದ 75 ಡಿಗ್ರಿ ಇರುವಾಗ ಆರರಿಂದ ಎಂಟು ಪದರ ಒಣ ಟವೆಲ್ ಬೇಕು. ಸಂಜೆ ಹೊತ್ತಿಗೆ ಟವೆಲ್ ಒದ್ದೆಯಾಗಿರುತ್ತದೆ, ಒದ್ದೆ ಟವೆಲ್ ಶಾಖ ತಡೆಯುವುದಿಲ್ಲ. ರೋಗಿ ಪ್ಯಾಕಿನ ಮೇಲೆಯೇ ಮಲಗಿದರೆ ಮೈಭಾರಕ್ಕೆ ಪದರ ಒತ್ತಿಹೋಗಿ ಇನ್ನೂ ಬೇಗ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಐಎಫ್‌ಟಿಯಲ್ಲೂ ಅಷ್ಟೆ: ಸ್ಪಂಜ್ ಒಂದು ಕಡೆ ಒಣಗಿದರೆ ಅಲ್ಲೇ ಕರೆಂಟ್ ಚುಚ್ಚುತ್ತದೆ. ಸ್ವಲ್ಪ ಹೊತ್ತಿಗೆ ನರ ಒಗ್ಗಿಕೊಂಡು "ಕರೆಂಟೇ ಬರ್ತಿಲ್ಲ ಡಾಕ್ಟ್ರೇ" ಅನ್ನುತ್ತಾರೆ, ಆಗ ತುಸು ಏರಿಸಬೇಕು. ಇದಕ್ಕೆಲ್ಲ ನೀನು ಅಲ್ಲಿ ಇರಬೇಕು.

ಎರಡನೆಯದು, ಹಿಂದಿನ ರೋಗಿಯ ವ್ಯಾಯಾಮ ನೋಡುವುದು. ಮೂರನೆಯದು, ಅವರು ಚಾಪೆಯ ಮೇಲಿರುವಾಗಲೇ ಕೇಸ್‌ಶೀಟ್ ಮುಗಿಸುವುದು. ಉದ್ದ ಬರೆಯಬೇಡ, ಇಷ್ಟು ಸಾಕು: "ಬಲ ಭುಜ. ನೋವು 6ರಿಂದ 4ಕ್ಕೆ. ರಾತ್ರಿ ಒಂದೇ ಸಲ ಎಚ್ಚರ. ಫ್ಲೆಕ್ಷನ್ 110, ಅಬ್ಡಕ್ಷನ್ 85, ಎಕ್ಸ್‌ಟರ್ನಲ್ ರೊಟೇಶನ್ 20. ಐಎಫ್‌ಟಿ 15 ನಿಮಿಷ, ಗ್ರೇಡ್ 3 ಮೊಬಿಲೈಸೇಶನ್. ಮನೆಯಲ್ಲಿ ಗೋಡೆ ಹತ್ತುವ ವ್ಯಾಯಾಮ 10 ಸಲ, ದಿನಕ್ಕೆ ಮೂರು ಹೊತ್ತು. ಮುಂದಿನ ಸಲ ಪುಲ್ಲಿ." ರೋಗಿ ಹೇಳಿದ್ದು (ನೋವಿಗೆ ಹತ್ತರಲ್ಲಿ ಎಷ್ಟು), ನೀನು ಅಳೆದದ್ದು (ಕೈ ಮುಂದಕ್ಕೆ, ಪಕ್ಕಕ್ಕೆ ಎಷ್ಟು ಏಳುತ್ತದೆ, ಹೊರಕ್ಕೆ ಎಷ್ಟು ತಿರುಗುತ್ತದೆ), ಮಾಡಿದ್ದು (ಕರೆಂಟ್, ಕೈಯಿಂದ ಕೀಲು ಸಡಿಲಿಸುವುದು), ಮುಂದಿನ ಹೆಜ್ಜೆ, ನಾಲ್ಕೂ ಬಂತು. ಮೂರು ನಾಲ್ಕು ನಿಮಿಷದ ಕೆಲಸ. ಡಿಗ್ರಿಯನ್ನು ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟೇ ಬರೆ. ಕಣ್ಣಂದಾಜು ಬರೆದರೆ ಎರಡು ವಾರದ ನಂತರ ಹೋಲಿಸಲು ಏನೂ ಇರುವುದಿಲ್ಲ. ಕೇಸ್‌ಶೀಟ್ ಪ್ಯಾಡನ್ನು ಯಂತ್ರದ ಟ್ರಾಲಿಗೇ ಪೆನ್ನಿನ ಸಮೇತ ಕಟ್ಟಿಬಿಡು. ಮೇಜಿನ ಮೇಲಿದ್ದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ಫೋನ್ ಸಿಗುತ್ತದೆ.

ಇದು ನಡೆಯಬೇಕಾದರೆ ರೋಗಿಗಳು ಬರುವ ಹೊತ್ತು ಸರಿಯಾಗಬೇಕು. ನೀನು ಎಲ್ಲರಿಗೂ "ಹತ್ತು ಗಂಟೆ ಮೇಲೆ ಬನ್ನಿ" ಅನ್ನುತ್ತೀಯ, ನಾಲ್ಕು ಜನ ಒಟ್ಟಿಗೆ ಬೆಂಚಿನ ಮೇಲೆ ಕೂರುತ್ತಾರೆ, ನೀನು ಅವರ ಮುಖ ನೋಡುತ್ತಾ ಒಳಗಿನವರಿಗೆ ಅವಸರ ಮಾಡುತ್ತೀಯ. 40 ನಿಮಿಷಕ್ಕೊಬ್ಬರನ್ನು ಕರೆ. ಮೊದಲ 5 ನಿಮಿಷ ಮಾತು ಮತ್ತು ಪ್ಯಾಡ್ ಕಟ್ಟುವುದು, 15 ನಿಮಿಷ ಯಂತ್ರ, 20 ನಿಮಿಷ ನಿನ್ನ ಕೈ ಕೆಲಸ. ಅಲ್ಲಿಗೆ ಮುಂದಿನವರು ಬರುತ್ತಾರೆ. ಅವರಿಗೆ ಪ್ಯಾಡ್ ಕಟ್ಟುವಾಗ ಮೊದಲಿನವರು ಚಾಪೆಗೆ ಇಳಿದು ವ್ಯಾಯಾಮ ಶುರುಮಾಡಿರುತ್ತಾರೆ. ಬೆಳಿಗ್ಗೆ 9:00, 9:40, 10:20. ಹನ್ನೊಂದರಿಂದ ಹನ್ನೆರಡು ಪೂರ್ತಿ ಹೊಸ ರೋಗಿಯೊಬ್ಬರಿಗೆ. ಮತ್ತೆ 12:00ಕ್ಕೆ ಒಬ್ಬರು. 12:40ರ ಜಾಗ ಖಾಲಿ ಬಿಡು. ಸಂಜೆ 5:00, 5:40, 6:20, 7:00, 7:40. ಹತ್ತು ಜನವಾಯಿತು.

ಆ ಖಾಲಿ ಜಾಗ ತುಂಬಿಸುವ ಆಸೆ ನಿನಗೆ ಬಂದೇ ಬರುತ್ತದೆ. ಬೇಡ. ಹಳ್ಳಿಯಿಂದ ಬಸ್ಸಿಗೆ ಬರುವವರಿಗೆ ಅಪಾಯಿಂಟ್‌ಮೆಂಟ್ ಹೊತ್ತು ಹೇಳಿ ಪ್ರಯೋಜನವಿಲ್ಲ, ಬಸ್ ಬಂದ ಹೊತ್ತಿಗೆ ಅವರು ಬರುತ್ತಾರೆ. ಅವರಿಗಾಗಿ ಒಂದು ಜಾಗ ಇದ್ದರೆ ಉಳಿದವರ ಹೊತ್ತು ಕೆಡುವುದಿಲ್ಲ. ಯಾರೂ ಬರದ ದಿನ 40 ನಿಮಿಷ ನಿನ್ನದು.

ಇನ್ನೊಂದು ಸಣ್ಣ ವಿಷಯ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಚಿಕಿತ್ಸೆ ಶುರುಮಾಡಲು ನಮ್ಮ ಕಡೆ ಎಷ್ಟೋ ಮನೆಯವರು ಆ ಹೊತ್ತಿಗೆ ಒಪ್ಪುವುದಿಲ್ಲ. ಫೋನಿನಲ್ಲಿ ಹೂಂ ಅಂದು ಬರದೇ ಇರುತ್ತಾರೆ, ನಿನ್ನ ಒಂದು ಗಂಟೆ ಹೋಗುತ್ತದೆ. ಶುಕ್ರವಾರ ಹೊಸಬರನ್ನು ಹನ್ನೆರಡಕ್ಕೆ ಕರೆದು, ಹಳಬರನ್ನು ಹನ್ನೊಂದಕ್ಕೆ ಹಾಕು. ಅದೇ ರೀತಿ ಬೆಸ್ಕಾಂನವರು ಕರೆಂಟ್ ತೆಗೆಯುವ ದಿನ ಪೇಪರಿನಲ್ಲಿ ಮೊದಲೇ ಬರುತ್ತದೆ. ಆ ದಿನಕ್ಕೆ ಕೈ ಚಿಕಿತ್ಸೆ, ವ್ಯಾಯಾಮದವರನ್ನು ಮಾತ್ರ ಬರೆದುಕೋ. ಯುಪಿಎಸ್ ನೆಚ್ಚಿಕೊಂಡು ಹಾಟ್ ಪ್ಯಾಕ್ ಡಬ್ಬಿ ಓಡಿಸಲಾಗದು.

ಲಕ್ವ ಹೊಡೆದವರನ್ನು ಒಬ್ಬರ ಹಿಂದೆ ಒಬ್ಬರಂತೆ ಹಾಕಬೇಡ. ಎಬ್ಬಿಸಿ ನಿಲ್ಲಿಸುವ ಕೆಲಸ ಎರಡು ಸಲ ಆದರೆ ಮೂರನೆಯವರ ಹೊತ್ತಿಗೆ ನಿನ್ನ ಸೊಂಟ ಕೇಳುವುದಿಲ್ಲ, ಸೊಂಟ ನೋಯುವಾಗ ಗಮನ ಎಲ್ಲಿಂದ ಬರಬೇಕು? ಅವರಿಗೆ ಬೆಳಗಿನ ಹೊತ್ತು ಒಳ್ಳೆಯದು, ಅವರೂ ದಣಿದಿರುವುದಿಲ್ಲ. ಮಂಚದ ಎತ್ತರವನ್ನೂ ನೋಡಿಕೋ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಬೆರಳ ಗೆಣ್ಣು ತಾಗುವಷ್ಟು ಎತ್ತರ ಕೈ ಕೆಲಸಕ್ಕೆ ಸರಿ. ಬಡಗಿಯಿಂದ ಮಾಡಿಸಿದ ಮಂಚ ಎತ್ತರವಾಗಿದ್ದರೆ ಒಂದರ ಕಾಲು ಕೊಯ್ಯಿಸು, ಇನ್ನೊಂದು ಯಂತ್ರದವರಿಗೆ ಹಾಗೇ ಇರಲಿ.

ಫೋನಿನ ವಿಷಯಕ್ಕೆ ಬರುತ್ತೇನೆ. ಕ್ಲಿನಿಕ್ಕಿಗೆ ಬೇರೆ ಸಿಮ್, ಬೇರೆ ಹಳೇ ಫೋನ್. ನಿನ್ನ ಸ್ವಂತ ಫೋನ್ ಡ್ರಾಯರಿನಲ್ಲಿರಲಿ. ರೋಗಿಗಳ ಬೆನ್ನು, ಮಂಡಿಯ ಫೋಟೋಗಳು ಮಗಳ ಹುಟ್ಟುಹಬ್ಬದ ಫೋಟೋ ಜೊತೆ ಕೂಡಬಾರದು ಎಂಬುದೂ ಇದಕ್ಕೆ ಕಾರಣ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಹೊತ್ತು ಗೊತ್ತುಮಾಡಿ ತಾನಾಗಿ ಹೋಗುವ ಉತ್ತರ ಇಡಬಹುದು. ಹೀಗೆ ಬರೆ: "ಈಗ ಚಿಕಿತ್ಸೆಯಲ್ಲಿದ್ದೇನೆ. ಮಧ್ಯಾಹ್ನ 1:30ಕ್ಕೆ, ರಾತ್ರಿ 8:40ಕ್ಕೆ ನಾನೇ ಕರೆ ಮಾಡುತ್ತೇನೆ. ಮಲ ಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯ ಜಾಗ ಜೋಮು ಹಿಡಿದರೆ, ಕಾಲಿನ ಬಲ ಇದ್ದಕ್ಕಿದ್ದಂತೆ ಕುಂದಿದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ನನಗಾಗಿ ಕಾಯದೆ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಎದೆನೋವು, ಉಸಿರಾಟದ ತೊಂದರೆ ಇದ್ದರೆ 108." ಕೊನೆಯ ಸಾಲುಗಳನ್ನು ಉದ್ದವಾಯಿತೆಂದು ತೆಗೆಯಬೇಡ. ಫೋನ್ ಎತ್ತದಿದ್ದರೆ ಯಾರಿಗಾದರೂ ಏನಾದರೂ ಆದೀತು ಎಂಬ ನಿನ್ನ ಭಯಕ್ಕೆ ಉತ್ತರ ಇರುವುದು ಆ ಸಾಲುಗಳಲ್ಲೇ. ಈ ಉತ್ತರ ವಾಟ್ಸಾಪಿಗೆ ಮಾತ್ರ. ಕರೆಗೆ, ಕಟ್ ಮಾಡುವಾಗ ಒತ್ತಿದರೆ ಹೋಗುವ ಚಿಕ್ಕ ಎಸ್‌ಎಂಎಸ್ ಬರೆದಿಟ್ಟುಕೋ. ಮತ್ತೆ ಹೇಳಿದ ಹೊತ್ತಿಗೆ ಕರೆ ಮಾಡಲೇಬೇಕು. ಎರಡು ದಿನ ತಪ್ಪಿದರೆ ಜನ ಮತ್ತೆ ಹತ್ತು ಸಲ ಕರೆಯಲು ಶುರುಮಾಡುತ್ತಾರೆ.

ಮಧ್ಯಾಹ್ನ ಎರಡರಿಂದ ಮೂರು ಯಾರನ್ನೂ ಕರೆಯಬೇಡ. ಅನ್ನ ಉಂಡ ಮೇಲೆ ಕಣ್ಣು ಎಳೆಯುತ್ತದೆ, ಅದರ ಜೊತೆ ಗುದ್ದಾಡುವ ಬದಲು 20 ನಿಮಿಷಕ್ಕೆ ಅಲಾರಂ ಇಟ್ಟು ಮಲಗು. ಮುಕ್ಕಾಲು ಗಂಟೆ ಮಲಗಿದರೆ ಎದ್ದಾಗ ತಲೆ ಭಾರ. ಮನೆಗೆ ಹೋಗಿ ನೋಡುವ ರೋಗಿಗಳು ಮೂರರಿಂದ ನಾಲ್ಕೂವರೆ, ಎರಡೇ ಜನ, ಒಂದೇ ದಿಕ್ಕು. ಒಂದು ದಿನ ಎಂ.ಸಿ.ಸಿ. ‘ಎ’ ಬ್ಲಾಕ್, ‘ಬಿ’ ಬ್ಲಾಕ್ ಆದರೆ ಮರುದಿನ ರೈಲ್ವೆ ಹಳಿಯಾಚೆ ಹಳೇ ಊರು. ಎರಡನ್ನೂ ಒಂದೇ ದಿನ ಸೇರಿಸಿದರೆ ಐದರ ರೋಗಿ ಕಾಯುತ್ತಾರೆ.

ಸಂಬಂಧಿಕರು ಹೇಳದೆ ಕೇಳದೆ ಬಂದು "ಎರಡು ನಿಮಿಷ ನೋಡು" ಅನ್ನುವುದು ನಿನಗೆ ದೊಡ್ಡ ಸಂಕಟ ಎಂದು ಗೊತ್ತು. ಇಲ್ಲ ಅನ್ನಬೇಡ. "ಚಿಕ್ಕಪ್ಪ, ಎರಡು ನಿಮಿಷದಲ್ಲಿ ನೋಡಿದರೆ ನಿಮಗೆ ಅನ್ಯಾಯ. ನಾಳೆ 12:40ಕ್ಕೆ ಬನ್ನಿ, ಪೂರ್ತಿ ನೋಡ್ತೀನಿ" ಅನ್ನು. ನಿಜವೂ ಅದೇ ಆದ್ದರಿಂದ ಹೇಳುವುದು ಕಷ್ಟವಾಗುವುದಿಲ್ಲ.

ಲೆಕ್ಕದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಗದು, ಯುಪಿಐ ಎರಡು ಕಾಲಂ, ರಾತ್ರಿ ಬಾಗಿಲು ಹಾಕುವ ಮುಂಚೆ ಕೂಡು. ಶನಿವಾರ ಮಧ್ಯಾಹ್ನ ಒಂದು ಗಂಟೆ ಬಾಡಿಗೆ, ಬಿಲ್, ಆಡಿಟರಿಗೆ ಕಳಿಸುವುದು, ಕೆಪಿಎಂಇ (ಖಾಸಗಿ ಕ್ಲಿನಿಕ್‌ಗಳ ಸರ್ಕಾರಿ) ನೋಂದಣಿಯ ಕಾಗದ ಇಂಥವಕ್ಕೆ. ವಾರದ ನಡುವೆ ನೆನಪಾದರೆ ಚೀಟಿ ಬರೆದು ಡಬ್ಬಿಗೆ ಹಾಕು, ಶನಿವಾರ ತೆರೆ.

ಇದನ್ನೆಲ್ಲ ಬರುವ ಸೋಮವಾರವೇ ಶುರುಮಾಡಲು ಹೋಗಬೇಡ, ಗುರುವಾರಕ್ಕೆ ಕುಸಿಯುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತವರ ತಂಡ 96 ಜನರನ್ನು 12 ವಾರ ಗಮನಿಸಿತ್ತು. ಹೊಸ ಅಭ್ಯಾಸ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಹಿಡಿದಿತ್ತು; ಜನರಿಂದ ಜನರಿಗೆ ಅದು 18ರಿಂದ 254 ದಿನದವರೆಗೂ ಬದಲಾಗುತ್ತಿತ್ತು. ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಟ್ಟಿರಲಿಲ್ಲ ಎಂಬುದೂ ಅದರಲ್ಲಿತ್ತು. ಹಾಗಾಗಿ ಹಬ್ಬಕ್ಕೆ ಊರಿಗೆ ಹೋಗಿ ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಅಂದುಕೊಳ್ಳಬೇಡ.

ಮೊದಲ ತಿಂಗಳು ಒಂದೇ ಒಂದು: ಟೈಮರ್ ಬಡಿಯುವ ಮೊದಲು ಹಿಂದಿನವರ ಕೇಸ್‌ಶೀಟ್ ಮುಗಿದಿರಬೇಕು. ಪರದೆ ಎಳೆದ ಕೈ ನೇರ ಕೇಸ್‌ಶೀಟ್ ಪ್ಯಾಡಿಗೆ ಹೋಗಬೇಕು, ಪರದೆ ಎಳೆಯುವುದೇ ಬರೆಯಲು ಸಂಕೇತ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನ ಹತ್ತರಲ್ಲಿ ಎಷ್ಟು ಮುಗಿಸಿದೆ ಎಂದು ಸಂಖ್ಯೆ ಬರೆ. ವಾರವಿಡೀ ಎಂಟು ದಾಟಿದ ಮೇಲೆ ಫೋನಿನ ನಿಯಮಕ್ಕೆ ಕೈಹಾಕು. 40 ನಿಮಿಷದ ವೇಳೆಯನ್ನು ಹೊಸ ರೋಗಿಗಳಿಂದಲೇ ಶುರುಮಾಡು, ಹಳಬರಿಗೆ ಅವರ ಈಗಿನ ಸಿಟ್ಟಿಂಗ್‌ಗಳು ಮುಗಿಯುವವರೆಗೆ ಹಳೇ ಹೊತ್ತೇ ಇರಲಿ. ಮೆಕ್ಕೆಜೋಳದ ಕಟಾವು ಶುರುವಾದಾಗ ಹಳ್ಳಿಯವರು ಕಡಿಮೆಯಾಗುತ್ತಾರೆ, ದೊಡ್ಡ ಬದಲಾವಣೆಗೆ ಆ ವಾರಗಳು ಅನುಕೂಲ.

ಎರಡು ವಾರ ಬಿಟ್ಟು ನಿನ್ನ ಅಪಾಯಿಂಟ್‌ಮೆಂಟ್ ಪುಸ್ತಕದ ಎರಡು ಪುಟದ ಫೋಟೋ ಕಳಿಸು, ಎಲ್ಲಿ ಹೊತ್ತು ಸಿಕ್ಕಿಹಾಕಿಕೊಳ್ಳುತ್ತಿದೆ ಎಂದು ಕೂತು ನೋಡೋಣ. ಫೋಟೋ ತೆಗೆಯುವ ಮೊದಲು ರೋಗಿಗಳ ಹೆಸರಿನ ಕಾಲಂ ಮೇಲೆ ಒಂದು ಕಾಗದ ಮುಚ್ಚು.

ನಿನ್ನ ಗೆಳೆಯ