ಬಾಯಿ ಬಿಡದ ಶಿಷ್ಯರಿಗೆ ಜಿರ್ಯಾಬನ ಮದ್ದು

ಕಾರ್ಡೊಬಾ, ಸ್ಪೇನ್

ಅಕ್ಕಾ,

ನಮಸ್ಕಾರ. ನಿನ್ನ ಸಂಗೀತ ಪಾಠಕ್ಕೆ ಹೊಸದಾಗಿ ಸೇರಿದ ಮಕ್ಕಳು ಬಾಯಿಯೇ ಬಿಡುವುದಿಲ್ಲ ಅಂತ ಬರೆದಿದ್ದೆಯಲ್ಲ, ಅದಕ್ಕೆ ಈ ಊರಿನಲ್ಲಿ 1200 ವರ್ಷದ ಹಿಂದೆಯೇ ಮದ್ದಿತ್ತು.

ಆ ಮದ್ದು ಜಿರ್ಯಾಬ್ ಎಂಬ ಹಾಡುಗಾರನದು. ಅವನು ಬಾಗ್ದಾದಿನಲ್ಲಿ ಸಂಗೀತಗಾರ ಇಸ್‌ಹಾಕ್ ಅಲ್-ಮೌಸಿಲಿಯ ಹತ್ತಿರ ಕಲಿತವನು. 822ರಲ್ಲಿ ಇಲ್ಲಿಗೆ ಬಂದ; ಇಲ್ಲಿನ ದೊರೆ, ಅಮೀರ ಎರಡನೇ ಅಬ್ದುಲ್ ರಹಮಾನ್, ತಿಂಗಳಿಗೆ 200 ದಿನಾರ್ ಗೊತ್ತುಮಾಡಿದ. ಸಂಬಳದ ಮಾತು ಎಲ್ಲರೂ ಆಡುತ್ತಾರೆ, ನಿನಗೆ ಬೇಕಾದ್ದು ಅವನ ಪಾಠ. ಅದನ್ನು 17ನೇ ಶತಮಾನದ ಇತಿಹಾಸಕಾರ ಅಲ್-ಮಕ್ಕರಿ ಬರೆದಿಟ್ಟಿದ್ದಾನೆ.

ಬಂದವನನ್ನು ತೊಗಲಿನ ದುಂಡು ದಿಂಬಿನ ಮೇಲೆ ಕೂರಿಸಿ, ಇದ್ದಬದ್ದ ದನಿಯಲ್ಲಿ ‘ಯಾ ಹಜ್ಜಾಮ್’ ಅಂತ ಕೂಗಿಸುವುದು, ಇಲ್ಲವೇ ‘ಆ’ ಎಂದು ಎಳೆಸುವುದು. (ಹಜ್ಜಾಮ್ ಅಂದರೆ ಕೊಂಬು ಹಚ್ಚಿ ರಕ್ತ ತೆಗೆಯುವವನು. ನಮ್ಮಲ್ಲಿ ಬೈಗುಳವಾದ ಪದ ಇದೇ.) ದನಿ ಮೂಗಿಗೆ ಹೋಗದೆ, ಉಸಿರು ಕಟ್ಟದೆ, ಸ್ವಚ್ಛವಾಗಿ ಬಂದರೆ ಪಾಠ, ಇಲ್ಲದಿದ್ದರೆ ವಾಪಸ್. ದನಿ ಬಡಕಲಾದರೆ ರುಮಾಲನ್ನು ಸೊಂಟಕ್ಕೆ ಬಿಗಿಯುತ್ತಿದ್ದ: ಹೊಟ್ಟೆ ಸಡಿಲವಿದ್ದರೆ ದನಿಗೆ ಕಸುವಿಲ್ಲ. ದವಡೆ ಬಿಗಿಯಾದವನಿಗೆ ಮೂರು ಬೆರಳಗಲದ ಕಟ್ಟಿಗೆ ತುಂಡು. ದವಡೆ ಬಿಡುವವರೆಗೆ ರಾತ್ರಿಯೆಲ್ಲ ಬಾಯಲ್ಲೇ. ಇದನ್ನು ಮಾತ್ರ ನೀನು ಮಾಡಿಸಬೇಡ, ತಾಯಂದಿರು ಜಗಳಕ್ಕೆ ಬರುತ್ತಾರೆ.

ಆಮೇಲೆ ಮೂರು ಹಂತ. ಮೊದಲು ಕೈಯಲ್ಲಿ ದಫ್ (ಕಂಜಿರದಂಥ ಚರ್ಮವಾದ್ಯ) ಹಿಡಿದು ಬರೀ ಸಾಹಿತ್ಯವನ್ನು ತಾಳಕ್ಕೆ ಕೂರಿಸುವುದು, ರಾಗದ ಸೊಲ್ಲೇ ಇಲ್ಲ. ಎರಡನೆಯದು ಮಟ್ಟು, ಬೋಳಾಗಿ. ಅದು ನಿಂತ ಮೇಲೆಯೇ ನಮ್ಮ ಗಮಕದಂಥ ಅಲಂಕಾರ. ನಾವು ಮೊದಲ ಪಾಠವಾದ ಸರಳೆಯಿಂದಲೇ ಸ್ವರ, ತಾಳ ಎರಡನ್ನೂ ಒಟ್ಟಿಗೆ ಹೇರುತ್ತೇವೆ. ಸಾಹಿತ್ಯ ನುಂಗುವ ಮಕ್ಕಳಿಗೆ ಅವನ ಕ್ರಮವೇ ವಾಸಿ ಅಂತ ನನ್ನ ಲೆಕ್ಕ.

ಅವನು ನುಡಿಸುತ್ತಿದ್ದ ಊದ್ ಎಂಬ ತಂತಿವಾದ್ಯ ಅದೇ ಅಳತೆಯ ಬೇರೆ ವಾದ್ಯಕ್ಕಿಂತ ಮೂರರಲ್ಲೊಂದು ಪಾಲು ಹಗುರವಂತೆ. ಮೇಲಿನ ತಂತಿಗಳು ರೇಷ್ಮೆಯವು. ಬಿಸಿನೀರಿನಲ್ಲಿ ನೂತರೆ ರೇಷ್ಮೆ ಮೆತ್ತಗಾಗುತ್ತದೆಂದು ಹಾಗೆ ನೂತದ್ದನ್ನು ಮುಟ್ಟುತ್ತಿರಲಿಲ್ಲ. ಮಂದ್ರದ ಎರಡಕ್ಕೆ ಸಿಂಹದ ಮರಿಯ ಕರುಳು. ನಾಲ್ಕು ತಂತಿಗಳ ನಡುವೆ ಕೆಂಪು ಬಣ್ಣದ ಐದನೆಯದನ್ನು ಸೇರಿಸಿದ. ನುಡಿಸಲು ಮರದ ಕಡ್ಡಿ ಬಿಟ್ಟು ಹದ್ದಿನ ಗರಿಯ ಬುಡ ಹಿಡಿದ: ಅದು ಬೆರಳಿಗೆ ಹಗುರ, ತಂತಿಯೂ ಬೇಗ ಸವೆಯುವುದಿಲ್ಲ.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ